ಹಿಣಿಲಿನ ಗುರುತು: ನಮ್ಮ ದನಗಳ ಪೂರ್ವಜರು ಯಾರು?

ಬದನವಾಳಿನ ಸುತ್ತ ಬೆಳೆದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹಿಣಿಲು ಎಂದರೇನೆಂದು ವಿವರಿಸಬೇಕಾಗಿಲ್ಲ. ಹಳ್ಳಿಕಾರ್ ಎತ್ತಿನ ಅಂದವೇ ಅದರಲ್ಲಿದೆ. ಆದರೆ ಹಿಣಿಲಿನೊಳಗೆ ಎಲುಬಿಲ್ಲ. ಇರುವುದು ಸ್ನಾಯು ಮತ್ತು ಕೊಬ್ಬು ಮಾತ್ರ. ಪಶು ಸತ್ತು ಮಣ್ಣು ಸೇರಿದ ಮೇಲೆ ಅದು ಕರಗಿಹೋಗುತ್ತದೆ. ಹಾಗಾದರೆ ನಾಲ್ಕು ಸಾವಿರ ವರ್ಷ ಹಳೆಯದಾದ ಒಂದು ಮೂಳೆಯನ್ನು ಕೈಯಲ್ಲಿ ಹಿಡಿದು, ಇದು ಹಿಣಿಲುಳ್ಳ ದನದ್ದು, ಯುರೋಪಿನ ಚಪ್ಪಟೆ ಬೆನ್ನಿನ ದನದ್ದಲ್ಲ ಎಂದು ವಿದ್ವಾಂಸರು ಹೇಗೆ ಹೇಳುತ್ತಾರೆ?

ಉತ್ತರ ಬೆನ್ನೆಲುಬಿನಲ್ಲಿದೆ. ಬೆನ್ನಿನ ಪ್ರತಿಯೊಂದು ಮಣಿಯಿಂದಲೂ ಮೇಲ್ಮುಖವಾಗಿ ಒಂದು ಮುಳ್ಳು ಚಾಚಿಕೊಂಡಿರುತ್ತದೆ. ಹಿಣಿಲಿನ ದನಗಳಲ್ಲಿ ಎದೆಭಾಗದ ಹಿಂದಿನ ಕೆಲವು ಮಣಿಗಳ ಮುಳ್ಳಿನ ತುದಿ ಹಾವಿನ ನಾಲಗೆಯಂತೆ ಸೀಳಿರುತ್ತದೆ. ಉತ್ಖನನದ ರಾಶಿಯಲ್ಲಿ ಅಂತಹ ಒಂದು ತುಂಡು ದೊರೆತರೂ ಅದು ದೊಡ್ಡ ಸಾಕ್ಷಿ. ಕಾಲಿನ ಎಲುಬುಗಳು ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. ಎಮ್ಮೆಯದೋ ಹಸುವಿನದೋ ಎಂದು ಬೇರ್ಪಡಿಸುವುದಕ್ಕೇ ಅಲ್ಲಿ ಸಾಕಷ್ಟು ಶ್ರಮವಿದೆ.

ವಂಶದ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ್ದು. ಸಹಾರನ್‌ಪುರದ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ವೈದ್ಯ ಹ್ಯೂ ಫಾಲ್ಕನರ್, ನರ್ಮದಾ ಕಣಿವೆಯಲ್ಲಿ ದೊರೆತ ದೊಡ್ಡ ಕಾಡುದನದ ಪಳೆಯುಳಿಕೆಗಳಿಗೆ ಬಾಸ್ ನಮಾಡಿಕಸ್ ಎಂದು ಹೆಸರಿಟ್ಟ. ನರ್ಮದೆಯ ಹೆಸರನ್ನೇ ಹೊತ್ತ ಈ ಕಾಡುದನವೇ ನಮ್ಮ ಹಿಣಿಲಿನ ದನಗಳ ಪೂರ್ವಜನೆ? ಅಥವಾ ಪಶ್ಚಿಮ ಏಷ್ಯಾದಲ್ಲಿ ಒಮ್ಮೆ ಪಳಗಿದ ದನಗಳೇ ಇಲ್ಲಿಗೆ ಬಂದು ಹಿಣಿಲು ಪಡೆದವೆ? ಎರಡನೆಯ ಅಭಿಪ್ರಾಯವನ್ನು ಬಹುಕಾಲ ಹಿಡಿದವರು ಕಡಿಮೆಯಿರಲಿಲ್ಲ. ಒಳ್ಳೆಯದೆಲ್ಲ ಪಶ್ಚಿಮದಿಂದಲೇ ಬಂದಿರಬೇಕೆಂಬ ಭಾವನೆಯೂ ಇದರ ಹಿಂದೆ ಸ್ವಲ್ಪ ಇತ್ತೆಂದು ನನಗನ್ನಿಸುತ್ತದೆ.

ಈ ನಂಬಿಕೆಯನ್ನು ಮೊದಲು ಅಲುಗಿಸಿದ್ದು ಮೂಳೆಗಳೇ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ 1974ರಿಂದ ಫ್ರೆಂಚ್ ತಂಡವು ಉತ್ಖನನ ನಡೆಸಿತು. ಅಲ್ಲಿಯ ಪ್ರಾಣಿಗಳ ಅವಶೇಷಗಳನ್ನು ಪರಿಶೀಲಿಸಿದ ರಿಚರ್ಡ್ ಮೆಡೋ, ಕೆಳಗಿನ ಪದರದಿಂದ ಮೇಲಕ್ಕೆ ಬಂದಂತೆ ದನದ ಮೂಳೆಗಳ ಪಾಲು ಹೆಚ್ಚುತ್ತ, ಅವುಗಳ ಗಾತ್ರ ಕುಗ್ಗುತ್ತ ಹೋದುದನ್ನು ತೋರಿಸಿದರು. ಕಾಡುಪ್ರಾಣಿ ಪಳಗಿದಾಗ ಕಂಡುಬರುವ ಲಕ್ಷಣವಿದು. 1994ರಲ್ಲಿ ಡಬ್ಲಿನ್‌ನ ರೊನಾನ್ ಲಾಫ್ಟಸ್ ಮತ್ತು ಸಂಗಡಿಗರು ತಾಯಿಯಿಂದ ಮಾತ್ರ ಬರುವ ಡಿಎನ್‌ಎಯನ್ನು ಹೋಲಿಸಿ, ಎರಡೂ ಕುಲಗಳು ಕಡಿಮೆಯೆಂದರೂ 2 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದಿದ್ದವೆಂದರು. ಮನುಷ್ಯನು ದನ ಕಟ್ಟಲು ತೊಡಗಿ ಹತ್ತು ಸಾವಿರ ವರ್ಷಗಳಷ್ಟೇ ಆಗಿವೆ. ಆದುದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಪಳಗಿಸಿರಬೇಕು.

ನಮ್ಮ ನಾಡಿನ ಸಾಕ್ಷ್ಯ ಇನ್ನೂ ಸ್ವಾರಸ್ಯಕರ. ಬಳ್ಳಾರಿ, ರಾಯಚೂರು ಸೀಮೆಯ ಬೂದಿಗುಡ್ಡಗಳನ್ನು ಕೆಲವರಾದರೂ ನೋಡಿರಬಹುದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅದು ಸುಟ್ಟ ಸಗಣಿಯೆಂದು ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ್ದ. 1957ರಲ್ಲಿ ಆಲ್ಚಿನ್, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಯ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡವು. ಮುಂದೆ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದೊಡ್ಡಿಯ ಜೊತೆಗೆ ದನ ಕಡಿಯುತ್ತಿದ್ದ ನೆಲವನ್ನೂ ಬೆಳಕಿಗೆ ತಂದರು. ಆ ಜನ ದನವನ್ನು ಸಾಕಿದರು, ತಿಂದರು, ಅದರ ಸಗಣಿಯನ್ನು ರಾಶಿಹಾಕಿ ಸುಟ್ಟರು. ಇಂದಿನ ನಮ್ಮ ಇಷ್ಟಾನಿಷ್ಟಗಳನ್ನು ಅವರ ಮೇಲೆ ಹೇರಲಾಗದು.

ನಮಗೆ ಹತ್ತಿರದ ನವಶಿಲಾಯುಗದ ನೆಲೆ ತಿರುಮಕೂಡಲು ನರಸೀಪುರ. ಎಂ. ಶೇಷಾದ್ರಿಯವರು 1959ರಿಂದ ಕೈಗೊಂಡ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ಸಂಗಮದ ಆ ನೆಲೆಯ ಹೆಸರು ಮುಖ್ಯವಾಗಿ ಮನುಷ್ಯರ ಸಮಾಧಿಗಳಿಂದ.

ಮೂಳೆಯ ಮಾತನ್ನು ಎಷ್ಟು ನಂಬಬೇಕೆಂಬುದಕ್ಕೆ ಹಾವೇರಿ ಜಿಲ್ಲೆಯ ಹಳ್ಳೂರಿನ ಪ್ರಸಂಗವನ್ನು ಹೇಳಲೇಬೇಕು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಂಡೆಯ ಈ ನೆಲೆಯನ್ನು ಅಗೆಸಿದರು. ಅಲ್ಲಿಯ ಮೂಳೆಗಳನ್ನು ಪರಿಶೀಲಿಸಿದವರು ಪಶುವೈದ್ಯರಾದ ಕೆ.ಆರ್. ಆಲೂರರು. ಅವರು ಕೆಲವನ್ನು ಕುದುರೆಯವೆಂದು ಗುರುತಿಸಿದೊಡನೆ, ಕುದುರೆ ಆರ್ಯರೊಡನೆ ಬಂತೆಂಬ ವಾದಕ್ಕೆ ಸಂಬಂಧಿಸಿ ದೊಡ್ಡ ಚರ್ಚೆಯೆದ್ದಿತು. ಮೆಡೋ ಮತ್ತು ಅಜಿತಾ ಪಟೇಲ್ ಅದನ್ನು ಒಪ್ಪಲಿಲ್ಲ. ಆಲೂರರು ತಮ್ಮ ನಿಲುವನ್ನು ಬಿಡಲಿಲ್ಲ. ಕುದುರೆ, ಕತ್ತೆ, ಕಾಡುಕತ್ತೆಗಳ ಬಿಡಿ ಹಲ್ಲು ಮತ್ತು ಗೆಣ್ಣೆಲುಬುಗಳು ತೀರ ಹತ್ತಿರದ ಹೋಲಿಕೆಯವು. ಧಾರವಾಡದ ಕಡೆಯ ಪಶುವೈದ್ಯರೊಬ್ಬರು ಕೈಯಾರೆ ಕಂಡುದನ್ನು ಧೈರ್ಯದಿಂದ ಬರೆದುದು ನನಗೆ ಮೆಚ್ಚುಗೆಯಾಗಿದೆ. ಆದರೂ ನಾಲ್ಕಾರು ತುಂಡುಗಳ ಮೇಲೆ ಇಡೀ ಜನಾಂಗದ ಚರಿತ್ರೆಯನ್ನು ನಿಲ್ಲಿಸುವುದು, ಎರಡೂ ಪಕ್ಷದವರಿಗೆ, ಅತಿಯಾಯಿತು.

ದನಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಹಾಗೆಯೇ ನಿಂತಿದೆ. ಸಿಂಧೂ ಕಣಿವೆಯ ದನಗಳೇ ದಕ್ಷಿಣಕ್ಕೆ ಬಂದವೆ, ಅಥವಾ ಇಲ್ಲಿಯ ಕಾಡುದನವನ್ನು ಇಲ್ಲಿಯವರೇ ಪಳಗಿಸಿದರೆ, ಅಥವಾ ಎರಡೂ ಬೆರೆತವೆ? ಹಳೆಯ ಮೂಳೆಯಿಂದ ಡಿಎನ್‌ಎ ತೆಗೆದು ನೋಡೋಣವೆಂದರೆ ನಮ್ಮ ಬಿಸಿಲು ಅದನ್ನು ಬೇಗ ಕೆಡಿಸಿಬಿಡುತ್ತದೆ. ಹೀಗಾಗಿ ಮೂಳೆಯ ಆಕಾರವನ್ನೇ ಅಳೆದು ನೋಡಬೇಕು. ಅವು ಉಳಿದಿರುವ ಬೂದಿಗುಡ್ಡಗಳನ್ನೋ, ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಗಾಡಿ, ಟ್ರಾಕ್ಟರುಗಳಲ್ಲಿ ತುಂಬಿಕೊಂಡು ಹೋಗಿದ್ದಾರೆ.