ಸೋಲಾರ್ ಹಾಕಿಸಿದ್ರೆ ಟ್ಯಾಕ್ಸು ಕಡಿಮೆ ಆಗುತ್ತಾ?

ಊರಿಗೆ ಹೋದಾಗಲೆಲ್ಲ ಯಾರಾದ್ರೂ ಒಬ್ಬರು ಕೇಳೋ ಪ್ರಶ್ನೆ ಇದು. ಸಾಫ್ಟ್‌ವೇರಿನವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋ ನಂಬಿಕೆ :) ಅಮೆರಿಕದಲ್ಲಿರೋ ನೆಂಟರ ಮಾತಿನಿಂದ ಹುಟ್ಟಿದ ಪ್ರಶ್ನೆ ಇರಬೇಕು. ಅಲ್ಲಿ 2005ರ ಕಾಯ್ದೆಯಿಂದ ಶುರುವಾದ ಕ್ರೆಡಿಟ್ಟು, ಖರ್ಚಿನ 30%ರಷ್ಟನ್ನು ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುತ್ತಿತ್ತು. 2025ರ ಡಿಸೆಂಬರ್ 31ಕ್ಕೆ ಅದೂ ಮುಗೀತು.

ನಮ್ಮಲ್ಲಿ ಮನೆಯವರಿಗೆ ಅಂಥದ್ದು ಇರಲೇ ಇಲ್ಲ. ಇದ್ದದ್ದು ವ್ಯಾಪಾರದವರಿಗೆ, ಸವಕಳಿ ಲೆಕ್ಕದಲ್ಲಿ. 1990ರ ದಶಕದಲ್ಲಿ ಸೋಲಾರ್ ಉಪಕರಣದ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಖರ್ಚು ಅಂತ ತೋರಿಸಬಹುದಿತ್ತು. ಆಮೇಲೆ ಅದು 80% ಆಯ್ತು, 2017ರಿಂದ 40%. ವಾಸದ ಮನೆ ವ್ಯಾಪಾರದ ಆಸ್ತಿ ಅಲ್ವಲ್ಲ..

ಮೂಡಿಗೆರೆ, ಕಳಸದ ಕಡೆ ಇನ್ನೊಂದು ತಮಾಷೆ ಇದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿದರೆ ಆದಾಯದ ಕಾಲು ಭಾಗ, ಹುರಿದು ಪುಡಿ ಮಾಡಿ ಮಾರಿದರೆ 40% ಮಾತ್ರ ತೆರಿಗೆ ಲೆಕ್ಕಕ್ಕೆ ಬರುತ್ತೆ. ಅಂದಮೇಲೆ ಸಣ್ಣ ಬೆಳೆಗಾರನಿಗಾಗಲಿ, ಲೈನ್ ಮನೆಯ ಕೂಲಿಯವರಿಗಾಗಲಿ ಟ್ಯಾಕ್ಸಲ್ಲಿ ಕಳೀತೀವಿ ಅಂದ್ರೆ ಬೋಳು ತಲೆಯವನಿಗೆ ಬಾಚಣಿಗೆ ಕೊಟ್ಟ ಹಾಗೆ.

ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ಬಂದದ್ದು ಸಾಲದ ದಾರಿಯಲ್ಲಿ. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಶುರು ಮಾಡಿದಾಗ ದೊಡ್ಡ ಕೆಲಸ ಆಗಿದ್ದು ಪ್ಯಾನಲ್ ಮಾರೋದಲ್ಲ, ಗ್ರಾಮೀಣ ಬ್ಯಾಂಕುಗಳನ್ನು ಸಾಲ ಕೊಡೋಕೆ ಒಪ್ಪಿಸೋದು. (2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂತು.) ಕಂಬ ತಲುಪದ ಒಂಟಿಮನೆಗೆ ನಾಲ್ಕು ಲೈಟು, ಒಂದು ಬ್ಯಾಟರಿ. ಚಿಮಣಿ ಬುಡ್ಡಿ ಮೂಲೆಗೆ ಸೇರಿತು. ಜೂನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಕಾಣದ ಘಟ್ಟದಲ್ಲಿ ಇದೆಂಥಾ ಸಾಹಸ ಅಂತೀರಾ? ಅದಕ್ಕೇ ಕೆಲವರು ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿದರು. ಸೋಲಾರ್ ಮಲಗುವ ಕಾಲಕ್ಕೇ ಅದು ಏಳೋದು!

2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಬಂತು. ನಬಾರ್ಡ್ ಮೂಲಕ, ಬ್ಯಾಂಕ್ ಸಾಲದ ಜೊತೆ ಇಂಥಾ ಲೈಟುಗಳಿಗೆ 30% ಸಬ್ಸಿಡಿ. ಇತ್ತ 2005ರ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುತ್ ಯೋಜನೆ, 2017ರ ಸೌಭಾಗ್ಯ ಅಂತ ಕಂಬಗಳೂ ಹಳ್ಳಿಯಿಂದ ಹಳ್ಳಿಗೆ ನಡೆದವು.

2024ರ ಪಿಎಂ ಸೂರ್ಯ ಘರ್ ಹೊತ್ತಿಗೆ ಅರ್ಹತೆ ಪೂರ್ತಿ ತಿರುಗಿಬಿಟ್ಟಿದೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಆದರೆ ಸಬ್ಸಿಡಿ ಬೇಕಂದ್ರೆ ವಿದ್ಯುತ್ ಸಂಪರ್ಕ ಇರಲೇಬೇಕು, ನಮ್ಮ ಜಿಲ್ಲೆಯಲ್ಲಾದರೆ ಮೆಸ್ಕಾಂನದು. ಪ್ಯಾನಲ್ ದೇಶದಲ್ಲೇ ತಯಾರಾಗಿರಬೇಕು. ಮತ್ತೆ, ಆ ಮನೆಯವರು ಮೊದಲು ಸೋಲಾರ್ ಪ್ಯಾನಲ್ಲಿಗೆ ಬೇರೆ ಸಬ್ಸಿಡಿ ಪಡೆದಿರಬಾರದು. ಕತ್ತಲೆಯಲ್ಲಿದ್ದಾಗ ಧೈರ್ಯ ಮಾಡಿ ಮೊದಲು ಹಾಕಿಸಿದವರಿಗೆ ಇದು ನ್ಯಾಯ ಅಂತ ನನಗಂತೂ ಅನ್ನಿಸಲ್ಲ.

ಹಳೇ ಪ್ಯಾನಲ್ ತೆಗೆದು ಹೊಸದು ಹಾಕಿಸೋರಿಗೂ, ಕಂಬ ಬಾರದ ಮನೆಗೂ ಒಂದೇ ಥರ ಸಿಗೋ ರಿಯಾಯಿತಿ ಅಂದ್ರೆ ಜಿಎಸ್‌ಟಿಯದು. 2021ರಲ್ಲಿ 5%ನಿಂದ 12%ಗೆ ಏರಿದ್ದು 2025ರ ಸೆಪ್ಟೆಂಬರ್ 22ರಿಂದ ಮತ್ತೆ 5%. ಬಿಡಿಯಾಗಿ ಕೊಳ್ಳೋ ಬ್ಯಾಟರಿಗೆ ಮಾತ್ರ 18%. ನಮ್ಮ ಮಳೆ ಸೀಮೆಯಲ್ಲಿ ಪ್ಯಾನಲ್ಲಿಗಿಂತ ಮೊದಲು ಸಾಯೋದು ಅದೇ..