ಮೊಮ್ಮಕ್ಕಳಿಗೆ ಹೇಳಬೇಕಾದ ಹೆಗ್ಗೋಡು

ಸಾಗರದಿಂದ ಹೊಸನಗರದ ದಿಕ್ಕಿಗೆ ಹೊರಟ ಬಸ್ಸು ಪೇಟೆ ದಾಟಿ, ಗದ್ದೆಬಯಲು ಹಾದು, ಒಂದಿಷ್ಟು ಏರುತಿರುವು ಹತ್ತಿಳಿದರೆ ಹೆಗ್ಗೋಡು. ಊರೆಂದರೆ ಒತ್ತೊತ್ತಾಗಿ ಮನೆ ನಿಂತ ಕೇರಿ ಸಿಗುವುದಿಲ್ಲ. ರಸ್ತೆ ಕೂಡುವಲ್ಲಿ ನಾಲ್ಕಾರು ಅಂಗಡಿ, ಅಲ್ಲಿಂದಾಚೆ ಕಣಿವೆ ಕಣಿವೆಗೊಂದು ಅಡಿಕೆ ತೋಟ, ತೋಟದ ಮೇಲಂಚಿನಲ್ಲಿ ಎರಡೋ ಮೂರೋ ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ. ಹೊನ್ನೇಸರ, ಭೀಮನಕೋಣೆ, ಪುರಪ್ಪೇಮನೆ ಎಂದು ಹೆಸರುಗಳು ಬೇರೆಬೇರೆ. ಆದರೆ ಮದುವೆ, ಸಾವು, ನಾಟಕ, ಸೊಸೈಟಿ ಸಾಲ ಎಲ್ಲ ಸೇರಿ ಇಡೀ ಸೀಮೆಯನ್ನು ಒಂದೇ ಊರು ಮಾಡಿಬಿಟ್ಟಿವೆ.

ಈ ಸೀಮೆಯ ಮನೆಗಳಲ್ಲಿ ಇವತ್ತು ಉಳಿದಿರುವವರು ಬಹುಪಾಲು ಅಜ್ಜ, ಅಮ್ಮಮ್ಮಂದಿರು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಕೆಲವರು ಇನ್ನೂ ದೂರ. ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಸಾಗರ, ಹಾಗಾಗಿ ಹಬ್ಬಕ್ಕೂ ರಜೆಗೂ ಬಂದುಹೋಗುತ್ತಾರೆ. ಉಳಿದ ದಿನಗಳಲ್ಲಿ ತೋಟ, ಕೊಟ್ಟಿಗೆ, ದೇವರಪೂಜೆ, ಬ್ಯಾಂಕು, ಕರೆಂಟ್ ಬಿಲ್ಲು ಎಲ್ಲ ನಮ್ಮ ತಲೆಯ ಮೇಲೆ. ಎಪ್ಪತ್ತು ದಾಟಿದವರು ಕಾಲು ಚಾಚಿ ಕೂರುತ್ತಾರೆಂದು ಯಾರಾದರೂ ತಿಳಿದಿದ್ದರೆ ಅವರು ನವೆಂಬರಿನಲ್ಲಿ ಒಂದು ವಾರ ಇಲ್ಲಿ ಬಂದಿರಬೇಕು.

ಬೆಳಿಗ್ಗೆ ಎದ್ದವನ ಮೊದಲ ಕೆಲಸ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ ಹಂಡೆ ಕಾಯಿಸುವುದು. ಆಮೇಲೆ ತೋಟಕ್ಕೆ ಒಂದು ಸುತ್ತು. ಬಿದ್ದ ಹಾಳೆ ಎಳೆದು ಒಂದೆಡೆ ಹಾಕಬೇಕು, ಉದುರಡಿಕೆ ಹೆಕ್ಕಬೇಕು, ಕಾಲುವೆಗೆ ಅಡ್ಡ ಬಿದ್ದದ್ದನ್ನು ಬದಿಗೆ ಸರಿಸಬೇಕು. ಮಂಗನ ಹಿಂಡು ಇಳಿದಿದ್ದರೆ ಆ ಹೊತ್ತೆಲ್ಲ ಕೂಗುವುದರಲ್ಲೇ ಕಳೆಯಿತು. ಮಳೆಗಾಲದಲ್ಲಿ ಕೊಳೆರೋಗದ ಚಿಂತೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು: ಬೋರ್ಡೋ ದ್ರಾವಣದ ಈ ಲೆಕ್ಕ ಇಲ್ಲಿನ ಯಾವ ಅಜ್ಜನನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳುತ್ತಾನೆ. ಮದ್ದು ಕಲಸುವುದು ಕಷ್ಟವಲ್ಲ, ಮಳೆ ಬಿಡುವು ಕೊಟ್ಟ ಆ ಎರಡು ದಿನದಲ್ಲಿ ಮರ ಹತ್ತುವವರು ಸಿಗಬೇಕು. ಹಿಂದೆ ಕೊನೆಗಳಿಗೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಆ ಕೆಲಸ ಬಲ್ಲವರು ಈಗ ಹುಡುಕಿದರೂ ಕಾಣರು. ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದದ್ದರಿಂದ ಎಷ್ಟೋ ತೋಟಗಳು ಬದುಕಿಕೊಂಡವು. ಇತ್ತೀಚೆಗೆ ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ.

ಕೊಯ್ಲಿನ ಕಾಲದಲ್ಲಿ ಅಂಗಳ ಜೀವ ತಳೆಯುತ್ತದೆ. ಮೊದಲು ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಊರಿನ ಸುದ್ದಿ, ಹಳೆಯ ಜಗಳ, ಯಾರದೋ ಮದುವೆಯ ಮಾತುಕತೆ ಎಲ್ಲ ಅಲ್ಲೇ ಆಗುತ್ತಿತ್ತು. ಈಗ ಯಂತ್ರ ಸುಲಿಯುತ್ತದೆ, ಅದರ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಬೇಯಿಸುವ ಕೆಲಸವನ್ನು ಮಾತ್ರ ಇನ್ನೂ ಹಿರಿಯರೇ ನೋಡಿಕೊಳ್ಳುತ್ತಾರೆ. ಹಿಂದಿನ ಬೇಯಿಸಿದ ನೀರು ಇಂಗಿ ದಪ್ಪಗಾದ ಚೊಗರನ್ನು ಹಂಡೆಯ ನೀರಿಗೆ ಬೆರೆಸಿ, ಅದರಲ್ಲಿ ಅಡಿಕೆ ಹಾಕಿ ಕುದಿಸಬೇಕು. ಉಗುರು ಊರುವಷ್ಟು ಮೆತ್ತಗಾದಾಗ ತೆಗೆದು ಅಟ್ಟದ ಮೇಲೆ ಹರವಬೇಕು. ಬೇಗ ತೆಗೆದರೆ ಬಣ್ಣ ಹಿಡಿಯದು, ತಡವಾದರೆ ಒಣಗುವಾಗ ಕೆಡುತ್ತದೆ. ಸರಿಯಾದ ಬಣ್ಣ ಕೂತ ಸರಕಿಗೆ ಮಂಡಿಯಲ್ಲಿ ಸಿಗುವ ದರವೇ ಬೇರೆ. ಅದೇ ಚೊಗರು ಭೀಮನಕೋಣೆಯ ಚರಕದಲ್ಲಿ ಬಟ್ಟೆಯ ಬಣ್ಣವಾಗುತ್ತದೆ. ರಂಗನಿರ್ದೇಶಕ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ಮಹಿಳೆಯರ ಈ ಸಹಕಾರ ಸಂಘದಲ್ಲಿ ಕೈಮಗ್ಗದ ಬಟ್ಟೆ ನೇಯುತ್ತಾರೆ, ಸಹಜ ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ನಮ್ಮ ಹಂಡೆಯ ತಳದಲ್ಲಿ ಉಳಿಯುವ ಕಪ್ಪುಕೆಂಪು ನೀರು ಎಲ್ಲೋ ಒಬ್ಬರ ಕುರ್ತಾಕ್ಕೆ ಬಣ್ಣವಾಗುತ್ತದೆ ಎಂಬ ಮಾತು ಮೊಮ್ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಬೇಸಿಗೆ ಅಮ್ಮಮ್ಮಂದಿರ ಕಾಲ. ಅಪ್ಪೆಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸದೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಕೊಳೆತು ಉಳಿದವನ್ನೂ ಕೆಡಿಸುತ್ತದೆ. ಉಪ್ಪಿನಲ್ಲಿ ಮಿಡಿ ಚಿರುಟುವ ತನಕ ಕಾದು ಆಮೇಲೆ ಖಾರ ಅರೆಯುವುದು. ಹಲಸಿನ ಹಪ್ಪಳ ಒಣಗಿಸುವ ಹೊತ್ತಿಗೆ ಮಕ್ಕಳಿಗೆ ಕಾಗೆ ಓಡಿಸುವ ನೌಕರಿ. ಬೆಟ್ಟಕ್ಕೆ ಹೋಗುವುದಕ್ಕೆ ಮಾತ್ರ ಈಗ ಸುಲಭವಾಗಿ ಬಿಡುವುದಿಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನಕಾಯಿಲೆ 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆದುಕೊಂಡಿತು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕು, ತರಗೆಲೆಯಲ್ಲಿ ಓಡಾಡಿ ಬಂದರೆ ಉಣುಗು ಹತ್ತಿದೆಯೇ ನೋಡಿ ಬಿಸಿನೀರು ಸ್ನಾನ ಮಾಡಬೇಕು. ಕಥೆ ಹೇಳುವುದಕ್ಕಿಂತ ಮುಂಚೆ ಇದನ್ನು ಹೇಳಿಕೊಡಬೇಕಾಗಿದೆ.

ಆದರೆ ಕಥೆಯನ್ನೂ ಹೇಳಲೇಬೇಕು. ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತು ಇದು: ರಜೆಗೆ ಬರುವ ಮಕ್ಕಳಿಗೆ ನಾವು ಊರಿನ ಸಿಹಿಯನ್ನಷ್ಟೇ ಉಣಿಸಿ ಕಳಿಸುತ್ತಿದ್ದೇವೆ. ತೊಡೆದೇವು, ಹೊಳೆ, ಕರು, ನಾಟಕ. ಅಷ್ಟಕ್ಕೇ ಊರು ಮುಗಿಯುವುದಿಲ್ಲ.

ನಾಟಕದ ಕತೆ ಹೇಳುವುದು ಸುಲಭ, ಹೆಮ್ಮೆಯದೂ ಹೌದು. 1949ರಲ್ಲಿ ಇಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವೇ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಆಗ ಇನ್ನೂ ಹದಿನೇಳರ ಆಸುಪಾಸಿನ ಹುಡುಗ, ಅಡಿಕೆ ಬೆಳೆಯುವ ಮನೆಯವರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು, ಮಾರನೆಯ ವರ್ಷ ಚಿತ್ರಸಮಾಜ. ಲುಂಗಿ ಉಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದು ಸತ್ಯಜಿತ್ ರಾಯ್, ಕುರೊಸಾವಾ ಚಿತ್ರ ನೋಡಿ ಮನೆಗೆ ಹೋಗುವ ದಾರಿಯುದ್ದಕ್ಕೂ ವಾದಿಸಿದ ತಲೆಮಾರು ನಮ್ಮದು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡೆಲ್ಲ ಸುತ್ತುವ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಅವರು 2005ರಲ್ಲಿ ತೀರಿಕೊಂಡರು. ಅಕ್ಟೋಬರಿನ ಸಂಸ್ಕೃತಿ ಶಿಬಿರಕ್ಕೆ ಈಗಲೂ ಬೇರೆಬೇರೆ ಊರಿನ ಯುವಕರು ಬರುತ್ತಾರೆ, ಸಂಜೆಯ ಆಟಕ್ಕೆ ನಮ್ಮಂಥ ಮುದುಕರು ಟಾರ್ಚು ಹಿಡಿದು ಹೋಗುತ್ತೇವೆ.

ನೀರಿನ ಕತೆ ಹೇಳುವಾಗ ನನ್ನಾಕೆಯ ಮುಖ ಬೇರೆಯಾಗುತ್ತದೆ. ಆಕೆಯ ತವರು ಹಿನ್ನೀರಿನಾಚೆ, ತುಮರಿಯ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿ ನಿಂತಾಗ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಜನ ಲಾರಿ ಹತ್ತಿದರು. ಎಲ್ಲೆಲ್ಲೋ ಕಾಡಂಚಿಗೆ ಇಳಿದ ಆ ಕುಟುಂಬಗಳಲ್ಲಿ ಹಲವರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಮೂರನೆಯ ತಲೆಮಾರಿಗೂ ಬಗೆಹರಿದಿಲ್ಲ. ನಾಡಿಗೆ ಬೆಳಕು ಕೊಟ್ಟ ನೀರು ಇದು. ಆಚೆ ದಡದಲ್ಲಿ ಉಳಿದವರು ಮಾತ್ರ ಹೊಳೆಬಾಗಿಲಿನ ಲಾಂಚನ್ನೇ ನಂಬಿ ಬದುಕಿದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಸುತ್ತುಹಾದಿಯೇ ಗತಿ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಆರು ದಶಕ ಕಾಯಿಸಿದ್ದು ಅನ್ಯಾಯ ಎಂದು ಆಕೆ ಮೊಮ್ಮಗಳಿಗೆ ನೇರವಾಗಿಯೇ ಹೇಳುತ್ತಾಳೆ. ನಾನೂ ಹಾಗೆಯೇ ಅನ್ನುತ್ತೇನೆ.

ಇನ್ನು ನೆಲದ ಕತೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಕೊಳಗ ಇದೆ. ಬಾಯಿಗೆ ಹಿತ್ತಾಳೆ ಪಟ್ಟಿ, ಒಳಗೆ ಭತ್ತ ಉಜ್ಜಿ ಉಜ್ಜಿ ನುಣುಪಾದ ಮರ. "ಅಜ್ಜಾ, ಇದು ಎಂತದು?" ಎಂದು ಮೊಮ್ಮಗ ಕೇಳಿದ. ಅಕ್ಕಿ ಅಳೆಯುವುದು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನಾನು ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಾಗೋಡಿನ ಕತೆ ಹೇಳಿದೆ.

ಕಾಗೋಡು ಇದೇ ಸಾಗರ ತಾಲ್ಲೂಕಿನ ಹಳ್ಳಿ. ಅಲ್ಲಿ ದೀವರ ಗೇಣಿದಾರರು ಬೆಳೆದ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ, ಸರ್ಕಾರ ಒಪ್ಪಿದ ಅಳತೆಗಿಂತ ದೊಡ್ಡದಾಗಿತ್ತು. ಒಂದು ಕೊಳಗದಲ್ಲಿ ಹೋಗುವುದು ಸ್ವಲ್ಪವೇ. ನೂರಾರು ಕೊಳಗ ಅಳೆದು ಮುಗಿದಾಗ ಮಳೆಗಾಲದ ಊಟವೇ ಅಳೆದು ಹೋಗಿರುತ್ತಿತ್ತು. ಕೊಟ್ಟ ಗೇಣಿಗೆ ರಸೀದಿಯಿಲ್ಲ, ಒಡೆಯರೆದುರು ಮೊಣಕಾಲಿನ ಕೆಳಗೆ ಪಂಚೆ ಇಳಿಬಿಡುವಂತಿಲ್ಲ. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಶುರುವಾಯಿತು, ಜನ ಸಾಲುಸಾಲಾಗಿ ಜೈಲಿಗೆ ಹೋದರು. ಸಮಾಜವಾದಿಗಳು ಜೊತೆಗೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಗೆದ್ದರು. ಉಳುವವನಿಗೆ ಭೂಮಿ ಸಿಕ್ಕಿದ್ದು 1974ರ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯ ಮೇಲೆ, ದೇವರಾಜ ಅರಸರ ಕಾಲದಲ್ಲಿ. ಆಗ ಗೇಣಿಯ ನೆಲ ತಮ್ಮದೆಂದು ಡಿಕ್ಲರೇಷನ್ ಕೊಟ್ಟವರು ಒಂದು ಕಡೆ, ಗದ್ದೆ ಕಳೆದುಕೊಂಡವರು ಇನ್ನೊಂದು ಕಡೆ. ಎಷ್ಟೋ ಮನೆಗಳ ನಡುವೆ ಮಾತು ನಿಂತಿತ್ತು.

"ಯಾರದ್ದು ಸರಿ ಅಜ್ಜಾ?" ಎಂದ ಹುಡುಗ. ಗೇಣಿದಾರರದ್ದೇ ಸರಿ ಎಂದೆ. ಗದ್ದೆ ಹೋದ ಮನೆಗಳಲ್ಲಿ ನಮ್ಮದೂ ಒಂದು ಎಂಬುದನ್ನೂ ಹೇಳಿದೆ. ನನ್ನ ಅಪ್ಪ ಆ ವಿಷಯ ತೆಗೆದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ನನಗೆ ಹಾಗೆ ಎದ್ದು ಹೋಗುವ ಮನಸ್ಸಿಲ್ಲ.

ಆ ಗದ್ದೆಯನ್ನು ಈಗ ಉಳುವ ಮನೆಯಲ್ಲಿ ನನ್ನ ವಾರಗೆಯ ಒಬ್ಬ ಅಜ್ಜಿ ಇದ್ದಾರೆ. ಭೂಮಿ ಹುಣ್ಣಿಮೆಗೆ ವಾರವಿರುವಾಗಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಾರೆ. ಗೆರೆ ಎಳೆಯುವಾಗ ಉಸಿರು ಹಿಡಿದುಕೊಳ್ಳುವುದನ್ನು ಹತ್ತಿರ ಕೂತು ನೋಡಬೇಕು. ಗರ್ಭ ಕಟ್ಟಿದ ಪೈರಿಗೆ ಬಸುರಿಯ ಬಯಕೆಯೂಟದಂತೆ ಎಡೆ ಹೊತ್ತು ಬೆಳಗಾಗುವ ಮುಂಚೆ ಗದ್ದೆಗೆ ಹೋಗುವುದು ಅವರ ಮನೆಯ ಪದ್ಧತಿ. ಕಳೆದ ಸಲ ದಸರಾ ರಜೆ ಮುಂದುವರಿದು ನನ್ನ ಮೊಮ್ಮಗ ಊರಲ್ಲೇ ಇದ್ದ. ಅಜ್ಜಿ ಅವನನ್ನೂ ಕರೆದರು. ಅವರ ಮೊಮ್ಮಗಳು ಬುಟ್ಟಿ ಹೊತ್ತಳು, ಇವನು ದೊಂದಿ ಹಿಡಿದ. ವಾಪಸು ಬಂದವನು ಮೊದಲು ಕೇಳಿದ್ದು ಆ ಗದ್ದೆಗೆ ಎಷ್ಟು ಕೊಳಗ ಭತ್ತ ಆಗುತ್ತದೆ ಎಂದು. ಈಗ ಚೀಲದ ಲೆಕ್ಕ, ಅಜ್ಜಿಯನ್ನೇ ಕೇಳು ಎಂದು ಮತ್ತೆ ಅಲ್ಲಿಗೇ ಕಳಿಸಿದೆ.