ಲೋಹಶೋಧಕ ಯಂತ್ರದ ಸೂಚನೆಗಳನ್ನು ಅರ್ಥೈಸುವ ವಿಧಾನ

ಮಣ್ಣಿನಡಿ ಮುಚ್ಚಿಹೋದ ನೀರಿನ ವಾಲ್ವ್ ಅಥವಾ ಕಳೆದುಹೋದ ಆಭರಣವನ್ನು ಲೋಹಶೋಧಕದಿಂದ ಹುಡುಕುವ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ಅಂಶಗಳನ್ನು ನೀಡಲಾಗಿದೆ.

1. ಅಂಕಿ: ಪರದೆಯ ಮೇಲಿನ ಅಂಕಿಯು ವಸ್ತುವಿನ ವಿದ್ಯುತ್ ವಾಹಕತೆ, ಗಾತ್ರ ಹಾಗೂ ಆಕಾರವನ್ನು ಅವಲಂಬಿಸಿರುತ್ತದೆ, ಅದು ಲೋಹದ ಹೆಸರಲ್ಲ. ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ಒಂದೇ ಅಂಕಿ ಬರಬಹುದು.

2. ಸ್ಥಳ: ಪಿನ್‌ಪಾಯಿಂಟ್ ವಿಧಾನದಲ್ಲಿ ಯಂತ್ರವು ಸಾಮಾನ್ಯವಾಗಿ ಲೋಹಗಳಲ್ಲಿ ಭೇದವೆಣಿಸುವುದಿಲ್ಲ. ಯಂತ್ರವನ್ನು ಉದ್ದಕ್ಕೂ ಅಡ್ಡಕ್ಕೂ ಆಡಿಸಿ, ಧ್ವನಿ ಗರಿಷ್ಠವಾಗುವ ಎರಡು ಗೆರೆಗಳು ಸಂಧಿಸುವ ಬಿಂದುವನ್ನು ಗುರುತಿಸತಕ್ಕದ್ದು.

3. ಆಳ: ತೋರುವ ಆಳವು ನಾಣ್ಯದ ಗಾತ್ರವನ್ನು ಆಧರಿಸಿದ ಅಂದಾಜು ಮಾತ್ರ. ದೊಡ್ಡ ವಸ್ತುವು ವಾಸ್ತವಕ್ಕಿಂತ ಮೇಲಿರುವಂತೆ ಕಾಣುತ್ತದೆ.

4. ಎಚ್ಚರಿಕೆ: ಧ್ವನಿಯು ಬಿಂದುವಿನಲ್ಲಿ ನಿಲ್ಲದೆ ಗೆರೆಯಂತೆ ಮುಂದುವರಿದಲ್ಲಿ ಅದು ಕೊಳವೆ ಅಥವಾ ವಿದ್ಯುತ್ ಕೇಬಲ್ ಆಗಿರಬಹುದು. ಅಂತಹ ಸ್ಥಳದಲ್ಲಿ ಅಗೆಯದೆ ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಛೇರಿಯನ್ನು ಸಂಪರ್ಕಿಸತಕ್ಕದ್ದು.

5. ಕಾನೂನು: ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಡಿ ನಿಷಿದ್ಧ. ಬೇರೆಡೆ ಅಗೆಯುವಾಗಲೂ ಪುರಾತನ ನಾಣ್ಯ, ಆಭರಣ ಮುಂತಾದ ನಿಧಿ ದೊರೆತಲ್ಲಿ ಅಗೆತ ನಿಲ್ಲಿಸಿ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು.